ತಲೆಗೆ ಎಷ್ಟು ಕರೆಂಟು

ಪರದೆಯ ನೆರಿಗೆ ಅರ್ಧಕ್ಕೆ ಬಂದಿತ್ತು. ಒಂದೊಂದೇ ಮಡಿಕೆ ಹಿಡಿದು, ಹೆಬ್ಬೆರಳಲ್ಲಿ ಒತ್ತಿ, ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳಲ್ಲಿ ಒಂದನ್ನು ತೆಗೆದು ಚುಚ್ಚುತ್ತ, ಅವಳು ಮೇಜಿನ ಈ ತುದಿಯಿಂದ ಆ ತುದಿಗೆ ಸಾಗುತ್ತಿದ್ದಳು. ಅಷ್ಟರಲ್ಲಿ ಗಂಡ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದು ಆ ಪರದೆಯ ಮೇಲೇ ಬೋರಲು ಹಾಕಿದರು.

"ಇದರಲ್ಲಿ ಯಾವುದನ್ನ ಹಾಕಲಿ, ನೀನೇ ಹೇಳು."

ಡಬ್ಬಿಯಿಂದ ಬಿದ್ದದ್ದು ಅಡಾಪ್ಟರುಗಳ ರಾಶಿ. ಆ ಮನೆಯಲ್ಲಿ ಬದುಕಿ ಸತ್ತ ಫೋನುಗಳು, ಮೇಜಿನ ದೀಪ, ಅತ್ತೆಯ ಪಾದ ಒತ್ತುವ ಯಂತ್ರ, ಯಾವ ಕಾಲದ್ದೋ ರೇಡಿಯೋ, ಎಲ್ಲವೂ ಗುಜರಿಗೆ ಹೋಗಿದ್ದವು. ಬಾಲಗಳು ಮಾತ್ರ ಉಳಿದು, ಒಂದಕ್ಕೊಂದು ಸುತ್ತಿಕೊಂಡು ಡಬ್ಬಿಯಲ್ಲಿ ಸಂಸಾರ ಮಾಡುತ್ತಿದ್ದವು.

"ಹ್ಞೂಂ," ಅಂದಳು ಅವಳು. ಬಾಯಲ್ಲಿ ಸೂಜಿಗಳಿದ್ದಾಗ ಅವಳು ಹೇಳಬಹುದಾದ ಮಾತು ಅದೊಂದೇ.

ಆ ಮನೆಯ ದೊಡ್ಡ ತೀರ್ಮಾನಗಳೆಲ್ಲ ಆದದ್ದು ಹೀಗೆಯೇ. ಸ್ಕೂಟರ್ ಕೊಂಡದ್ದು, ಹಜಾರಕ್ಕೆ ಕಡುಹಸಿರು ಬಣ್ಣ ಬಳಿದದ್ದು, ನೆಂಟರನ್ನು ತಿಂಗಳುಗಟ್ಟಲೆ ಉಳಿಸಿಕೊಂಡದ್ದು, ಎಲ್ಲಕ್ಕೂ ಮೊದಲು ಅವಳನ್ನು ಕೇಳಲಾಗಿತ್ತು. ಎಲ್ಲಕ್ಕೂ ಅವಳು ಹ್ಞೂಂ ಅಂದಿದ್ದಳು. ತನ್ನನ್ನು ಕೇಳಲಿಲ್ಲವೆಂದು ಅವಳು ದೂರುವ ಹಾಗೇ ಇರಲಿಲ್ಲ.

ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮೊಹರು ಹಾಕುವುದು ಅವರ ಕೆಲಸ. ಬೀದಿಯವರು ಕರೆಯುತ್ತಿದ್ದದ್ದು ಮೊಹರು ಸಾಹೇಬರು ಎಂದು. ಕಚೇರಿಯ ಸ್ಟಿಕ್ಕರನ್ನು ಮನೆಗೆ ತರುವಷ್ಟು ಅಪ್ರಾಮಾಣಿಕರು ಅವರಲ್ಲ. ಆದ್ದರಿಂದ ಸ್ವಂತ ಖರ್ಚಿನಲ್ಲಿ ಮೂರು ಬಣ್ಣದ ಸ್ಟಿಕ್ಕರ್ ಅಚ್ಚು ಹಾಕಿಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರು. ಹಸಿರಿನ ಮೇಲೆ 'ಪರೀಕ್ಷಿಸಲಾಗಿದೆ'. ಕೆಂಪಿನ ಮೇಲೆ 'ತಿರಸ್ಕೃತ'. ಹಳದಿಯ ಮೇಲೆ 'ಪರೀಕ್ಷೆಯಲ್ಲಿದೆ, ಮುಟ್ಟಬಾರದು'. ಏಣಿ, ಬಕೆಟ್ಟು, ಅತ್ತೆಯ ಊರುಗೋಲು, ಎಲ್ಲದರ ಮೇಲೂ ಹಸಿರು ಅಂಟಿತ್ತು. ಕಾಲು ಅಲುಗಾಡುತ್ತಿದ್ದ ಕುರ್ಚಿಗೆ ಅವರು ಒಮ್ಮೆ ಹಳದಿ ಅಂಟಿಸಿ ಮರೆತುಬಿಟ್ಟಿದ್ದರು. ಬಂದ ನೆಂಟರು ಅದರ ಪಕ್ಕದಲ್ಲಿ ನಿಂತೇ ಚಹಾ ಕುಡಿದು ಹೋಗಿದ್ದುಂಟು. ಆ ಮನೆಯಲ್ಲಿ ಬಾಗಿಲಿನ ಚಿಲಕಕ್ಕೆ ಇಲ್ಲದ ಮರ್ಯಾದೆ ಹಳದಿ ಸ್ಟಿಕ್ಕರಿಗಿತ್ತು.

ಈಗಿನ ಗಲಿಬಿಲಿಗೆ ಮೂಲ, ಅವರ ಕಚೇರಿಯಿಂದ ನಿವೃತ್ತರಾದ ಹಿರಿಯ ಅಧಿಕಾರಿ. ಕಿವಿ ಮಂದವಾಯಿತೆಂದು ಆ ಹಿರಿಯರು ತಮ್ಮ ದೊಡ್ಡ ಹೆಡ್‌ಫೋನನ್ನೂ ಅದಕ್ಕೆ ಜೋಡಿಸುವ, ಒಳಗೇ ರೇಡಿಯೋ ಇದ್ದ ಆಂಪ್ಲಿಫೈಯರನ್ನೂ ಮೊಹರು ಸಾಹೇಬರಿಗೆ ದಾನ ಮಾಡಿ, "ನೀವು ಇಲ್ಲೀವರೆಗೆ ಹಾಡು ಕೇಳೇ ಇಲ್ಲ ಅಂದ್ಕೊಳ್ಳಿ" ಎಂದಿದ್ದರು. ಸಾಹೇಬರು ಇಟ್ಟಿಗೆಯಷ್ಟಿದ್ದ ಆ ಕರೀ ಪೆಟ್ಟಿಗೆಯನ್ನು ಮನೆಗೆ ತಂದವರೇ ಬೆನ್ನು ತಿರುಗಿಸಿ, ತಳಕ್ಕೊಂದು ಹಸಿರು ಸ್ಟಿಕ್ಕರ್ ಬಡಿದು, ಅಂದಿನಿಂದ ಅಕ್ಕಪಕ್ಕದವರ ಹತ್ತಿರ "ನಾನು ಸಂಗೀತ ಕೇಳೋದು ಸ್ವಲ್ಪ ಬೇರೆ ರೀತಿ" ಎನ್ನತೊಡಗಿದರು.

ಒಂದು ವಾರ ಎಲ್ಲ ಸುಸೂತ್ರ. ಆಮೇಲೆ ಹಿರಿಯರ ಸೊಸೆ ಬಾಗಿಲಿಗೆ ಬಂದು, ಪೆಟ್ಟಿಗೆಯ ಜೊತೆ ಮಾವ ಕೊಟ್ಟು ಕಳಿಸಿದ್ದ ಅಡಾಪ್ಟರ್ ನಿಜಕ್ಕೂ ಮೀನಿನ ತೊಟ್ಟಿಯ ಪಂಪಿನದೆಂದೂ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆಯೆಂದೂ ಹೇಳಿ, ಗೋಡೆಯಿಂದ ಅದನ್ನು ಕಿತ್ತುಕೊಂಡು ಹೋದಳು. ಪೆಟ್ಟಿಗೆ ಸುಮ್ಮನಾಯಿತು.

ಆ ಒಂದು ವಾರದಲ್ಲಿ, ಯಾರಿಗೂ ಗೊತ್ತಿಲ್ಲದ ಇನ್ನೊಂದು ಸಂಗತಿ ನಡೆದಿತ್ತು. ಮಧ್ಯಾಹ್ನ ಪೆಟ್ಟಿಗೆಯ ಧೂಳು ಒರೆಸುವಾಗ ಅವಳು ಹೆಡ್‌ಫೋನನ್ನು ಸುಮ್ಮನೆ ತಲೆಗೇರಿಸಿಕೊಂಡಿದ್ದಳು. ಅದರಲ್ಲಿ ಬರುತ್ತಿದ್ದದ್ದು, ಅಡುಗೆಮನೆಯ ರೇಡಿಯೋದಲ್ಲಿ, ಪಾತ್ರೆಯ ಸದ್ದಿನ ಹಿಂದೆ, ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲದ ಒಂದು ಹಾಡು. ಅದರ ಎರಡನೆಯ ಸಾಲು ಶುರುವಾಗುವ ಮೊದಲು ಹಾಡುವ ಹೆಂಗಸು ಉಸಿರೆಳೆದುಕೊಂಡಳು. ಅವಳ ಕಿವಿಯ ಪಕ್ಕದಲ್ಲೇ ಕೂತು ಎಳೆದುಕೊಂಡ ಹಾಗೆ. ಇಷ್ಟು ವರ್ಷ ಆ ಹೆಂಗಸಿಗೆ ಉಸಿರಿದೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ಹಾಡು ಮುಗಿದು ನೋಡಿದರೆ ಇಸ್ತ್ರಿಪೆಟ್ಟಿಗೆ ಮೇಜಿನ ಹಾಸನ್ನು ಕಂದು ಮಾಡಿತ್ತು. ಅವಳು ಹಾಸನ್ನು ತಿರುವಿ ಹಾಕಿದಳು. ವಿಷಯ ಅಲ್ಲಿಗೆ ಮುಗಿಯಿತು. ಅಂದರೆ, ಬೇರೆಯವರ ಪಾಲಿಗೆ ಮುಗಿಯಿತು. ಅವಳಿಗೆ ಆ ಪೆಟ್ಟಿಗೆ ಮತ್ತೆ ಮಾತಾಡಬೇಕಿತ್ತು.

"ಸುರಕ್ಷತೆ ಮುಖ್ಯ," ಎಂದು ಗಂಡ ಗಂಟಲು ಸರಿಮಾಡಿಕೊಂಡರು. "ಟಿವಿ ಆದ್ರೆ ಗೋಡೆ ಹತ್ರ ಇರುತ್ತೆ. ಇದು ತಲೆ ಮೇಲೆ ಕೂರೋ ವಸ್ತು. ಇದನ್ನ ವೈಜ್ಞಾನಿಕವಾಗಿ ಆರಿಸಬೇಕು."

ವೈಜ್ಞಾನಿಕವಾಗಿ ಅಂದರೆ ಏನೆಂದು ಅರ್ಧ ಗಂಟೆಯಲ್ಲಿ ತಿಳಿಯಿತು. ಸಾಹೇಬರು ತಕ್ಕಡಿ ತಂದು ಅಡಾಪ್ಟರುಗಳನ್ನು ತೂಗತೊಡಗಿದರು.

"ಏನೋ ಇದು, ತರಕಾರಿನಾ?" ಎಂದರು ಮೂಲೆಯ ಕುರ್ಚಿಯಿಂದ ಅತ್ತೆ.

"ನಿನಗೆ ಗೊತ್ತಾಗಲ್ಲಮ್ಮ. ಮೋಸದ ಮಾಲು ಯಾವಾಗ್ಲೂ ಹಗುರ. ಮೂವತ್ತು ವರ್ಷದ ಅನುಭವ ಇದು."

ಎಲ್ಲಕ್ಕಿಂತ ಭಾರ ಬಂದದ್ದು ಪಾದ ಒತ್ತುವ ಯಂತ್ರದ ಅಡಾಪ್ಟರ್. ಅದನ್ನು ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಂಡ ಸಾಹೇಬರ ಮುಖದಲ್ಲಿ ಮೊದಲು ತೃಪ್ತಿ, ಆಮೇಲೆ ಅನುಮಾನ ಕಾಣಿಸಿತು. ಜೇನುಗೂಡಿಗೆ ಕಿವಿಯಿಟ್ಟ ಹಾಗೆ ಗುಂಯ್ ಎನ್ನುವ ಸದ್ದು ಅವಳಿಗೂ ಕೇಳುತ್ತಿತ್ತು.

"ತಂಬೂರಿ ಶ್ರುತಿ," ಎಂದರು ಸಾಹೇಬರು. ಸ್ವಲ್ಪ ಹೊತ್ತಿನ ಮೇಲೆ, "ಬರೀ ಶ್ರುತಿ," ಎಂದು ತೆಗೆದಿಟ್ಟರು.

ಮರುದಿನ ಬೆಳಿಗ್ಗೆ ಮನಸ್ಸು ಕಲ್ಲು ಮಾಡಿಕೊಂಡು ಹಗುರದ್ದನ್ನೇ ಒಂದು ಸಿಕ್ಕಿಸಿದರು. ಅದರ ಮೈಮೇಲೆ ತಯಾರಿಸಿದವರ ಹೆಸರಿರಲಿಲ್ಲ, ಗುರುತಿರಲಿಲ್ಲ. ಬೀದಿಬದಿಯ ರಾಶಿಯಲ್ಲಿ ಯಾವಾಗಲೋ ಕೊಂಡದ್ದು. ಹಾಡು ಬಂತು. ಸಾಹೇಬರು ಕಣ್ಣು ಮುಚ್ಚಿ ತಲೆದೂಗುತ್ತ, ಸದ್ದು ಹೆಚ್ಚಿಸಲು ಪೆಟ್ಟಿಗೆಯ ಲೋಹದ ಗುಂಡಿಗೆ ಕೈ ಹಚ್ಚಿದರು. ಜುಮ್ ಎಂದಿತು. ಸಾಹೇಬರು ಕೂತಲ್ಲಿಂದ ಎದ್ದದ್ದನ್ನು ಯಾರೂ ನೋಡಲಿಲ್ಲ. ನೋಡುವಾಗ ಅವರು ಆಗಲೇ ಬಾಗಿಲ ಹತ್ತಿರ ಇದ್ದರು.

"ನನ್ನ ಮಗನ್ನ ಕರೆಂಟು ಹಿಡ್ಕೊಳ್ತು," ಎಂದು ಅತ್ತೆ ಮರದ ಮಣೆ ಎತ್ತಿಕೊಂಡರು. ಕರೆಂಟು ಹಿಡಿದವರನ್ನು ಮರದಿಂದ ಹೊಡೆದು ಬಿಡಿಸಬೇಕೆಂದು ಅವರು ಎಲ್ಲೋ ಕೇಳಿದ್ದರು. ಕರೆಂಟು ಅಷ್ಟರಲ್ಲಿ ಬಿಟ್ಟಿತ್ತು, ಅತ್ತೆ ಬಿಡಲಿಲ್ಲ. ಮಣೆ ಹಿಡಿದೇ ಮಗನ ಹಿಂದೆ ತಿರುಗಿದರು.

ಆ ಸ್ಥಿತಿಯಲ್ಲೇ ಸಾಹೇಬರು ಹಿರಿಯ ಅಧಿಕಾರಿಗೆ ಫೋನು ಮಾಡಿದರು. ಹೆಡ್‌ಫೋನು ಇನ್ನೂ ತಲೆಯ ಮೇಲಿತ್ತು, ತಂತಿ ಎದೆಯ ಮೇಲೆ ಜೋತಾಡುತ್ತಿತ್ತು. ಆ ಕಡೆಯವರ ಕಿವಿ ಮಂದವಾದ್ದರಿಂದ ಈ ಕಡೆಯವರು ಕೂಗಬೇಕಾಯಿತು.

"ಸಾರ್, ತಲೆಗೆ ಎಷ್ಟು ಕರೆಂಟ್ ಹೋದ್ರೆ ಅಪಾಯ ಇಲ್ಲ?... ಒಂದು ಆಂಪಿಯರ್ ಸಾಕಾ?... ನನ್ನ ಹತ್ರ ಮೂರು ಆಂಪಿಯರ್‌ದೂ ಇದೆ ಸಾರ್, ಆದ್ರೆ ಅಷ್ಟೂ ಸೀದಾ ಕಿವಿಗೇ ನುಗ್ಗುತ್ತಲ್ಲ!... ಹೌದು, ಈಗ ತಾನೇ ಒಂದ್ಸಲ ಜುಮ್ ಅಂತು. ಇಲ್ಲ ಸಾರ್, ಹೆದರಿಲ್ಲ, ನಾಳೆ ಮತ್ತೆ ಹಾಕ್ಕೋತೀನಿ... ಅಮ್ಮನಿಗೂ ಒಂದ್ಸಲ ಹಾಕಿ ನೋಡಬೇಕು ಅಂತಿದೀನಿ... ಆ ಮೀನಿಂದು ಎಷ್ಟು ಅಂತ ಸ್ವಲ್ಪ ನೋಡಿ ಹೇಳ್ತೀರಾ?"

ಅದಕ್ಕೆ ಇನ್ನೊಂದು ಸಲ ಕೈ ಹಚ್ಚಿದರೆ ಸೊಸೆ ತಮ್ಮನ್ನೇ ತೊಟ್ಟಿಯಲ್ಲಿ ಮುಳುಗಿಸುತ್ತಾಳೆಂದು ಹೇಳಿ ಹಿರಿಯರು ಫೋನಿಟ್ಟರು.

ಪರದೆ ಸಿದ್ಧವಾಯಿತೇ ಎಂದು ಕೇಳಲು ಬಂದಿದ್ದ ಮೇಲ್ಮನೆಯಾಕೆ ತೆರೆದ ಬಾಗಿಲಲ್ಲಿ ನಿಂತಿದ್ದರು. ಅವರು ಕಂಡದ್ದು: ತಲೆಗೆ ಯಂತ್ರ ಬಿಗಿದುಕೊಂಡ ಗಂಡಸು, ಅವನ ಹಿಂದೆ ಮಣೆ ಎತ್ತಿ ನಿಂತ ಮುದುಕಿ, ಬಾಯ್ತುಂಬ ಸೂಜಿ ಕಚ್ಚಿಕೊಂಡು ಮಾತಾಡದ ಹೆಂಡತಿ. ಮೇಲ್ಮನೆಯಾಕೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ಮೆಟ್ಟಿಲೇರಿದರು.

ಸಂಜೆಯ ಹೊತ್ತಿಗೆ ಮೊಹರು ಸಾಹೇಬರಿಗೆ ತಲೆ ಕೆಟ್ಟಿದೆ, ಆಸ್ಪತ್ರೆಗೆ ಹೋಗಲು ನಾಚಿಕೆಯಾಗಿ ಮನೆಯಲ್ಲೇ ದಿನಾ ತಲೆಗೆ ಕರೆಂಟು ಕೊಟ್ಟುಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಕಟ್ಟಡವಿಡೀ ಹಬ್ಬಿತು. ಮೊದಲು ಬಂದವರು ಕೆಳಮನೆಯಲ್ಲಿದ್ದ ಮಾಲೀಕರು.

"ನೋಡಿ ಸಾಹೇಬ್ರೇ, ಬಾಡಿಗೆ ಕರಾರಿನಲ್ಲಿ ಹೊಲಿಗೆ ಮಿಷನ್ನಿಗೆ ಒಪ್ಪಿಗೆ ಇದೆ. ಚಿಕಿತ್ಸೆಗೆ ಇಲ್ಲ."

"ಚಿಕಿತ್ಸೆ ಅಂತ ಯಾಕಂತೀರಿ, ಇದು ಮನರಂಜನೆ," ಎಂದರು ಸಾಹೇಬರು ಪ್ರಾಮಾಣಿಕವಾಗಿ.

ಮಾಲೀಕರು ಒಂದು ಹೆಜ್ಜೆ ಹಿಂದೆ ಸರಿದು ಅವಳ ಕಡೆ ನೋಡಿದರು. ಅವಳು ಸೂಜಿ ತೆಗೆದು ವಿವರಿಸಲು ಕೈ ಎತ್ತುವಷ್ಟರಲ್ಲಿ ಅವರು ಹೊರಟಿದ್ದರು. ಹೊಸ್ತಿಲಲ್ಲಿ ನಿಂತು, ಸ್ವಲ್ಪ ಯೋಚಿಸಿ, ತಗ್ಗಿದ ದನಿಯಲ್ಲಿ ಕೇಳಿದರು: "ಮೊಣಕಾಲಿಗೂ ಆಗುತ್ತಾ ಅದು?"

"ಕಿವಿಗೆ ಮಾತ್ರ," ಎಂದರು ಸಾಹೇಬರು.

"ಎಡಗಾಲು, ಸ್ವಲ್ಪ ಮಡಿಸೋಕಾಗಲ್ಲ. ಏನಾದ್ರೂ ಆಗೋ ಹಾಗಿದ್ರೆ ಹೇಳಿ. ಕರಾರಿಂದು ಆಮೇಲೆ ನೋಡ್ಕೊಳ್ಳೋಣ."

ಭಾನುವಾರ ಬೆಳಿಗ್ಗೆ ಸಾಹೇಬರ ಅಕ್ಕ, ಭಾವ ಬಂದಿಳಿದರು. ಮೇಲ್ಮನೆಯಾಕೆ ಫೋನು ಮಾಡಿದ್ದರು. ಕಷ್ಟಕಾಲಕ್ಕೆಂದು ಅವಳೇ ಒಮ್ಮೆ ಕೊಟ್ಟಿಟ್ಟಿದ್ದ ನಂಬರು ಅದು. ಅಕ್ಕ ತಮ್ಮನನ್ನು ಕಿಟಕಿಯ ಬಳಿ ಕೂರಿಸಿ, ಜ್ವರದ ಮಗುವನ್ನು ಮಾತಾಡಿಸುವ ದನಿಯಲ್ಲಿ ಶುರು ಮಾಡಿದರು.

"ಇದೆಲ್ಲ ಯಾವಾಗ ಶುರುವಾಯ್ತಪ್ಪ?"

"ನಮ್ಮ ಹಿರಿಯ ಸಾಹೇಬ್ರು ರಿಟೈರ್ ಆದ್ರಲ್ಲ, ಆವತ್ತಿನಿಂದ."

"ಪಾಪ, ಮನಸ್ಸಿಗೆ ಹಚ್ಕೊಂಡಿದೀಯ. ಕಿವಿಯಲ್ಲಿ ಏನಾದ್ರೂ ಕೇಳುತ್ತಾ?"

"ಮೊದಲು ಎಲ್ಲಾ ಕೇಳ್ತಿತ್ತು ಅಕ್ಕಾ. ಈಗ ಬರೀ ಗುಂಯ್."

ಅಕ್ಕ ಭಾವನ ಮುಖ ನೋಡಿದರು. ಭಾವ ಕನ್ನಡಕ ತೆಗೆದರು. "ಬೇರೆಯವರಿಗೆ ಕೇಳಿಸದ್ದೂ ನಿಮಗೆ ಕೇಳ್ತಿತ್ತಾ?"

"ಅದಕ್ಕೇ ತಾನೇ ತಂದಿದ್ದು ಭಾವ. ಪಕ್ಕದಲ್ಲಿ ಕೂತೋರಿಗೂ ಕೇಳಬಾರದು, ನನ್ನೊಬ್ಬನಿಗೇ ಕೇಳಬೇಕು."

ಅಕ್ಕ ಸೆರಗಿಗೆ ಕಣ್ಣೊತ್ತಿಕೊಂಡರು.

"ಅವನ ತಲೆ ಮೊದಲಿಂದಲೂ ಹಾಗೇ," ಎಂದು ಅತ್ತೆ ಮೂಲೆಯಿಂದ ಸಮಾಧಾನ ಹೇಳಿದರು. "ಪೆಟ್ಟಿಗೇನ ಯಾಕೆ ಬಯ್ತೀರಿ."

ಆದರೆ ಪೆಟ್ಟಿಗೆಗೆ ಶಿಕ್ಷೆಯಾಯಿತು. ಅಕ್ಕ ತೀರ್ಪು ಕೊಟ್ಟರು: ತಮ್ಮನಿಗೆ ವಿಶ್ರಾಂತಿ, ಕರೀ ಪೆಟ್ಟಿಗೆ, ಹೆಡ್‌ಫೋನು, ಡಬ್ಬಿಯ ತಂತಿ, ಎಲ್ಲವನ್ನೂ ನಾಳೆ ಹೋಗುವಾಗ ಭಾವ ಚೀಲದಲ್ಲಿ ತುಂಬಿಕೊಂಡು ಹೋಗಿ ಗುಜರಿಗೆ ಹಾಕತಕ್ಕದ್ದು. ಒಮ್ಮೆ ಕರೆಂಟು ಹೊಡೆದಿದ್ದರಿಂದಲೂ, ಬಾಡಿಗೆ ಕರಾರಿನ ಮಾತು ಬಂದಿದ್ದರಿಂದಲೂ ಸಾಹೇಬರ ಉತ್ಸಾಹ ಇಳಿದಿತ್ತು. ಅವರು ಖಾನೆಯಿಂದ ಕೆಂಪು ಸ್ಟಿಕ್ಕರ್ ತೆಗೆದು ನಾಲಿಗೆಗೆ ತಾಗಿಸಿದರು.

ಹೊಲಿಗೆಯ ಕೋಣೆಯಿಂದ ಅವಳು ಇದನ್ನೆಲ್ಲ ಕೇಳುತ್ತಿದ್ದಳು. ಆಮೇಲೆ ಆ ಮನೆಯಲ್ಲಿ ಯಾರೂ ನಿರೀಕ್ಷಿಸದ ಕೆಲಸ ಮಾಡಿದಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಹಜಾರಕ್ಕೆ ಬಂದು ನಿಂತಳು.

"ನನಗೆ ದಾರ ತರಬೇಕು," ಅಂದಳು. "ಪಕ್ಕದಲ್ಲೇ ಕರೆಂಟಿನ ಸಾಮಾನಿನ ಅಂಗಡಿ ಇದೆ. ಬಿಸಾಕೋ ಮೊದಲು ಅಲ್ಲೊಂದು ಮಾತು ಕೇಳೋಣ. ಕೇಳಿದ್ರೆ ಏನು ಹೋಗುತ್ತೆ ಅತ್ತಿಗೆ?"

ಅವಳಿಗೆ ಇಷ್ಟು ಉದ್ದದ ವಾಕ್ಯಗಳು ಬರುತ್ತವೆಂದು ಗೊತ್ತಿರದ ಅತ್ತಿಗೆ, ಬೇಡ ಎನ್ನುವುದನ್ನು ಮರೆತರು.

ಅಂಗಡಿಯವ ಆಗಷ್ಟೇ ಚಹಾ ತರಿಸಿಕೊಂಡಿದ್ದ. ಆರುವ ಮೊದಲು ಗಿರಾಕಿಗಳನ್ನು ಸಾಗಹಾಕುವುದು ಅವನ ಉದ್ದೇಶ. ಸಾಹೇಬರು ಪರೀಕ್ಷೆಗೆ ಬಂದಿದ್ದಾರೆಂದು ತಿಳಿದು ಮೊದಲು ತಕ್ಕಡಿ ಮುಂದೆ ತಳ್ಳಿದ. ಆಮೇಲೆ ವಿಷಯ ತಿಳಿದು ಉಸಿರು ಬಿಟ್ಟ.

"ನನಗೆ ಸುರಕ್ಷಿತವಾದ, ಒಳ್ಳೆ ಭಾರ ಇರೋ ಅಡಾಪ್ಟರ್ ಕೊಡಿ."

"ಭಾರ ಯಾಕೆ ಸಾರ್, ಯಾರಿಗೆ ಎಸೀಬೇಕು?"

"ಆಂಪಿಯರ್ ಕಡಿಮೆ ಇರಲಿ. ಮೂರು ಗೀರು ಕೊಟ್ಟುಬಿಟ್ಟೀರಿ, ಅಷ್ಟೂ ನನ್ನ ತಲೆಗೆ ನುಗ್ಗುತ್ತೆ."

ಅಂಗಡಿಯವ ಚಹಾದ ಲೋಟ ಕೆಳಗಿಟ್ಟ. "ಸಾರ್, ನಿಮ್ಮ ಮನೆ ಮೇಲೆ ನೀರಿನ ಟ್ಯಾಂಕ್ ಇದೆಯಾ? ನೀವು ಒಂದು ಲೋಟ ನೀರು ಹಿಡಿದ್ರೆ ಟ್ಯಾಂಕೆಲ್ಲ ಲೋಟಕ್ಕೆ ಬೀಳುತ್ತಾ? ಪೆಟ್ಟಿಗೆ ತನಗೆ ಬೇಕಾದಷ್ಟು ಆಂಪಿಯರ್ ಎಳ್ಕೊಳ್ಳುತ್ತೆ, ಅಷ್ಟೇ. ಜಾಸ್ತಿ ಇದ್ರೆ ತೊಂದ್ರೆ ಇಲ್ಲ, ಕಮ್ಮಿ ಇರಬಾರದು. ವೋಲ್ಟ್ ಮಾತ್ರ ಅದು ಕೇಳಿದಷ್ಟೇ ಕೊಡಬೇಕು. ಎಸಿನೋ ಡಿಸಿನೋ ನೋಡಬೇಕು. ಪಿನ್ನಿನ ಒಳಗೆ ಪ್ಲಸ್ಸೋ ಹೊರಗೆ ಪ್ಲಸ್ಸೋ ನೋಡಬೇಕು. ಹೆಸರು ಗುರುತು ಇಲ್ಲದ್ದನ್ನ ಹಾಕಬಾರದು, ಅವು ಗೋಡೆ ಕರೆಂಟನ್ನ ಪೂರ್ತಿ ತಡೆಯಲ್ಲ, ಮುಟ್ಟಿದ್ರೆ ಜುಮ್ ಅನ್ನುತ್ತೆ."

"ಅಂದಿತು," ಎಂದರು ಸಾಹೇಬರು ಸಣ್ಣ ದನಿಯಲ್ಲಿ.

"ಎಷ್ಟು ವೋಲ್ಟ್ ಅಂತ ಪೆಟ್ಟಿಗೆ ತಳದಲ್ಲಿ ಬರೆದಿರುತ್ತೆ. ನೋಡ್ಕೊಂಡು ಬನ್ನಿ. ಅಂದಾಜಿನ ಮೇಲೆ ನಾನು ಕೊಡಲ್ಲ."

"ತಳದಲ್ಲಿ ಏನೂ ಬರೆದಿಲ್ಲ ಕಣ್ರೀ," ಎಂದರು ಸಾಹೇಬರು ಇಲಾಖೆಯ ಖಚಿತತೆಯಿಂದ. "ನಾನೇ ನೋಡಿದೀನಿ. ತಳದಲ್ಲಿ ನನ್ನ ಹಸಿರು ಸ್ಟಿಕ್ಕರ್ ಬಿಟ್ರೆ ಬೇರೆ ಒಂದಕ್ಷರ ಇಲ್ಲ."

ಅವಳ ಕೈಯಲ್ಲಿದ್ದ ದಾರದ ಉಂಡೆ ಜಾರಿ ಗಲ್ಲಾದ ಕೆಳಗೆ ಉರುಳಿತು. ಅದನ್ನು ಹುಡುಕುವ ನೆಪದಲ್ಲಿ ಅವಳು ಬಗ್ಗಿ, ಮುಖ ನೆಟ್ಟಗಾಗುವವರೆಗೆ ಅಲ್ಲೇ ಇದ್ದಳು.

ಮನೆಗೆ ಬಂದಾಗ ಹಜಾರದಲ್ಲಿ ಸಭೆ ಸೇರಿತ್ತು. ಮಾಲೀಕರು ಎಡಗಾಲು ಚಾಚಿ ಕೂತಿದ್ದರು. ಮೇಲ್ಮನೆಯಾಕೆ ಸಾಕ್ಷಿ ಹೇಳುತ್ತಿದ್ದರು. ಭಾವ ಪೆಟ್ಟಿಗೆ ತುಂಬಲು ಚೀಲ ಬಿಡಿಸಿಟ್ಟಿದ್ದರು. "ಧೂಳಾಗಿದೆ, ಒರೆಸಿ ಕೊಡ್ತೀನಿ," ಎಂದು ಅವಳು ಪೆಟ್ಟಿಗೆಯನ್ನು ಹೊಲಿಗೆ ಕೋಣೆಗೆ ಒಯ್ದಳು.

ಸಾಹೇಬರ ಸ್ಟಿಕ್ಕರ್ ಕೀಳುವುದೆಂದರೆ ಆ ಮನೆಯಲ್ಲಿ ಬೀಗ ಒಡೆದ ಹಾಗೆ. ಅದುವರೆಗೆ ಯಾರೂ ಆ ಧೈರ್ಯ ಮಾಡಿರಲಿಲ್ಲ. ಒಡೆದುಹೋದ ಬಕೆಟ್ಟನ್ನು ಬಿಸಾಡುವಾಗಲೂ ಸ್ಟಿಕ್ಕರ್ ಇದ್ದ ಭಾಗವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು. ಅವಳು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ, ಒದ್ದೆ ಬಟ್ಟೆಯ ಮೇಲೆ ಹಿಡಿದು, ಎದ್ದ ಹಬೆಗೆ ಪೆಟ್ಟಿಗೆಯ ತಳವನ್ನು ದೂರದಿಂದಲೇ ತೋರಿಸಿದಳು. ಸ್ಟಿಕ್ಕರಿನ ಮೂಲೆ ಮೆಲ್ಲಗೆ ಸುರುಳಿಯಾಯಿತು. ಅದನ್ನು ಗುಂಡುಸೂಜಿಯ ತುದಿಯಲ್ಲಿ ಎತ್ತಿದಳು, ಹಳೆಯ ಹೊಲಿಗೆ ಬಿಚ್ಚುವಷ್ಟೇ ಸಮಾಧಾನದಲ್ಲಿ.

ಕೆಳಗೆ ಪುಟ್ಟ ಬಿಳಿ ಅಕ್ಷರಗಳು. ಹನ್ನೆರಡು ವೋಲ್ಟ್. ಡಿಸಿ. ಒಂದು ಆಂಪಿಯರ್. ಪಕ್ಕದಲ್ಲೊಂದು ಪುಟ್ಟ ಚಿತ್ರ, ನಡುಚುಕ್ಕೆಗೆ ಪ್ಲಸ್ಸು. ಕಟ್ಟಡವಿಡೀ ಹುಡುಕುತ್ತಿದ್ದ ಉತ್ತರದ ಮೇಲೆ 'ಪರೀಕ್ಷಿಸಲಾಗಿದೆ' ಎಂದು ಬರೆದು ಅಂಟಿಸಲಾಗಿತ್ತು.

ಅವಳಿಗೆ ನಗು ಬಂತು. ಹಜಾರಕ್ಕೆ ಹೋಗಿ ಎಲ್ಲರ ಮುಂದೆ ಹಿಡಿಯಬಹುದಿತ್ತು. ಕಿಟಕಿಯ ಬಳಿ, ಅಕ್ಕನ ಎದುರು, ತಪ್ಪು ಮಾಡಿದ ಹುಡುಗನ ಹಾಗೆ ಕೂತಿದ್ದ ಗಂಡನ ಬೆನ್ನು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಅವಳು ಹಸಿರು ಸ್ಟಿಕ್ಕರನ್ನು ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿ, ಬಿಸಿಯಾಗಿರುವಾಗಲೇ ಒತ್ತಿ ಕೂರಿಸಿದಳು. ಪೆಟ್ಟಿಗೆ ತಣ್ಣಗಾಗಿ ಒಣಗುವವರೆಗೆ ಒರೆಸಿ, ಹೊರಗೆ ತಂದು ಗಂಡನ ತೊಡೆಯ ಮೇಲೆ ಬೋರಲಿಟ್ಟಳು.

"ರೀ, ನಿಮ್ಮ ಸ್ಟಿಕ್ಕರ್ ಪಕ್ಕ ಏನೋ ಇದೆಯಲ್ಲ, ನನಗೆ ಸರಿಯಾಗಿ ಕಾಣಲ್ಲ."

ಸಾಹೇಬರು ಕನ್ನಡಕ ಏರಿಸಿದರು. ಬಗ್ಗಿದರು. ಬೆನ್ನು ನೆಟ್ಟಗಾಯಿತು.

"ಹನ್ನೆರಡು ವೋಲ್ಟ್," ಎಂದು ತೀರ್ಪು ಓದುವವರಂತೆ ಓದಿದರು. "ನೋಡಿದ್ಯಾ ಅಕ್ಕಾ? ಬರೆದಿದ್ದು ಮುಚ್ಚಬಾರದು ಅಂತ ಲೆಕ್ಕ ಹಾಕಿ ಪಕ್ಕದಲ್ಲಿ ಅಂಟಿಸಿದೀನಿ. ಬೇರೆ ಯಾರಾದ್ರೂ ಆಗಿದ್ರೆ ಅದರ ಮೇಲೇ ಬಡೀತಿದ್ರು."

"ಹೌದಪ್ಪ," ಎಂದರು ಅಕ್ಕ, ಪೂರಾ ನಂಬದೆ.

ಸಾಹೇಬರು ಅಂಗಡಿಗೆ ಓಡಿ, ಚಹಾ ಮುಗಿಸಿದ್ದ ಅಂಗಡಿಯವನಿಂದ ಹನ್ನೆರಡು ವೋಲ್ಟಿನ, ಡಿಸಿ ಎಂದು ಸ್ಪಷ್ಟವಾಗಿ ಬರೆದ, ಹೆಸರು ಗುರುತು ಎಲ್ಲ ಇದ್ದ ಎರಡು ಆಂಪಿಯರಿನ ಅಡಾಪ್ಟರ್ ತಂದರು. ಪಿನ್ನಿನ ಚಿತ್ರವನ್ನು ಪೆಟ್ಟಿಗೆಯ ಚಿತ್ರಕ್ಕೆ ಹೋಲಿಸಿ ಮೂರು ಜನ ಒಪ್ಪಿದರು. ಆಮೇಲೆ ಎಲ್ಲರೂ ಗೋಡೆಗೆ ಅಂಟಿಕೊಂಡು ನಿಂತರು. ಯಾರ ತಲೆ ಮೊದಲು ಎಂಬ ಪ್ರಶ್ನೆ ಬಂದಾಗ ಭಾವನವರಿಗೆ ಬಸ್ಸಿನ ಹೊತ್ತಿನ ನೆನಪಾಯಿತು. ಮಾಲೀಕರು ಮೊಣಕಾಲು ನೋವೆಂದು ಮತ್ತೆ ಕೂತುಬಿಟ್ಟರು.

"ಕೊಡಿ ಇಲ್ಲಿ," ಎಂದರು ಅತ್ತೆ. "ಹೆದರುಪುಕ್ಕಲರ ಸಂತೆ."

ಸಾಹೇಬರು ತಾಯಿಯ ತಲೆಗೆ ಹೆಡ್‌ಫೋನ್ ಇಟ್ಟು, ಬೆರಳ ಹಿಂಭಾಗದಿಂದ ಲೋಹವನ್ನು ಮುಟ್ಟಿ ನೋಡಿದರು. ಜುಮ್ ಅನ್ನಲಿಲ್ಲ. ಗುಂಡಿ ತಿರುಗಿಸಿದರು. ಅತ್ತೆಯ ಮುಖ ಮೊದಲು ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ತಮ್ಮ ದನಿ ತಮಗೇ ಕೇಳದ ಕಾರಣ, ಪಿಸುಗುಟ್ಟುತ್ತಿದ್ದೇನೆಂದುಕೊಂಡು ಅವರು ಬೀದಿಗೆ ಕೇಳುವಂತೆ ಮಗನಿಗೆ ಹೇಳಿದರು:

"ಚೆನ್ನಾಗಿದೆ ಕಣೋ. ನಿನ್ನ ಅಕ್ಕ ಮಾತಾಡೋದು ಏನೂ ಕೇಳ್ತಿಲ್ಲ."

ಅಕ್ಕ ಸೆರಗು ಸರಿಪಡಿಸಿಕೊಂಡು ಭಾವನ ಕಡೆ ತಿರುಗಿದರು.

"ಆ ಮೇಲಿನವಳಿಗೆ ಇದನ್ನ ಕೊಡಬೇಡ. ಅವಳಿಗೆ ಸುದ್ದಿ ಕೇಳೋಕೆ ಯಂತ್ರ ಬೇಕಾಗಿಲ್ಲ."

ಮೇಲ್ಮನೆಯಾಕೆ ಪರದೆಯ ನೆರಿಗೆಗಳನ್ನು ಬಹಳ ಆಸಕ್ತಿಯಿಂದ ಎಣಿಸತೊಡಗಿದರು. ಭಾವ ಕೆಮ್ಮಿ ನಗು ನುಂಗಿದರು. ಇನ್ನು ತಮ್ಮ ಸರದಿ ಬರಬಹುದೆಂದು ಮಾಲೀಕರು ಎದ್ದು ನಿಂತರು, ಎಡಗಾಲು ಸಲೀಸಾಗಿ ಮಡಿಸಿ.

ಆಗ ಅತ್ತೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಕಣ್ಣು ದೊಡ್ಡದಾಯಿತು. "ಇವಳು ಉಸಿರು ತಗೋತಾಳೆ," ಎಂದರು ಮೆತ್ತಗೆ. ಈ ಸಲ ನಿಜವಾಗಿಯೂ ಪಿಸುದನಿ. "ಹಾಡೋ ಮೊದಲು. ಇಲ್ಲೇ ಪಕ್ಕದಲ್ಲಿ."

ಉಳಿದವರಿಗೆ ಅದೇನೆಂದು ತಿಳಿಯಲಿಲ್ಲ. ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ಅವಳು ಮಾತ್ರ ಅತ್ತೆಯ ಮುಖವನ್ನೇ ನೋಡುತ್ತ ನಿಂತುಬಿಟ್ಟಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ತಾವಿಬ್ಬರೂ ಒಂದೇ ವಿಷಯಕ್ಕೆ ಬೆರಗಾದದ್ದು ಇದೇ ಮೊದಲು ಅನ್ನಿಸಿತು.

ಮರುದಿನ ಅಕ್ಕ, ಭಾವ ಖಾಲಿ ಚೀಲ ಮಡಿಸಿಕೊಂಡು ಹೊರಟರು. ತಮ್ಮನ ತಲೆ ಸರಿಯಿದೆಯೆಂದು ಅಕ್ಕ ಒಪ್ಪಲಿಲ್ಲ. ಮೊದಲಿನಷ್ಟೇ ಇದೆ ಎಂದು ಒಪ್ಪಿದರು. ಹೆಸರಿಲ್ಲದ ಆ ಹಗುರದ ಅಡಾಪ್ಟರಿಗೆ ಸಾಹೇಬರು ಕೆಂಪು ಸ್ಟಿಕ್ಕರ್ ಅಂಟಿಸಿ ಭಾವನ ಕೈಗೇ ಕೊಟ್ಟರು, ಅದಾದರೂ ಗುಜರಿ ಸೇರಲೆಂದು. ಹೊಸದಕ್ಕೆ ಹಸಿರು ಅಂಟಿಸಿದರು. ಈ ಬಾರಿ ಬರಹ ಬಿಟ್ಟು ಪಕ್ಕದಲ್ಲಿ.

ಸಂಜೆ ಹಜಾರದಲ್ಲಿ ಹೊತ್ತುಗಳ ಹಂಚಿಕೆಯಾಯಿತು. ಬೆಳಿಗ್ಗೆ ತಿಂಡಿಯ ನಂತರ ಅತ್ತೆಗೆ. ರಾತ್ರಿ ಊಟದ ನಂತರ ಸಾಹೇಬರಿಗೆ. ಅವರು ಹಿಂದಿನ ರಾತ್ರಿಯೇ ಎರಡನೆಯ ಹಾಡಿಗೆ ಹೆಡ್‌ಫೋನ್ ಹಾಕಿಕೊಂಡೇ ಗೊರಕೆ ಹೊಡೆದಿದ್ದರು. ಭಾನುವಾರ ಮಾಲೀಕರಿಗೆ, ಕರಾರಿನ ಸಲುವಾಗಿ. ಎಲ್ಲ ಮುಗಿದ ಮೇಲೆ ಸಾಹೇಬರು ಹೊಲಿಗೆ ಕೋಣೆಗೆ ಇಣುಕಿದರು.

"ಇವಳೇ, ಸರಿ ತಾನೇ ಇದು? ನಿನಗೇನೂ ಇದರ ಗೋಜಿಲ್ಲವಲ್ಲ."

ಅವಳ ಬಾಯಲ್ಲಿ ಸೂಜಿಗಳಿದ್ದವು. ಮೇಲ್ಮನೆಯ ಪರದೆಯ ಕೊನೆಯ ನೆರಿಗೆ ಕೈಯಲ್ಲಿತ್ತು. "ಹ್ಞೂಂ," ಅಂದಳು.

ಅವರು ಹೋದ ಮೇಲೆ ಆ ನೆರಿಗೆಯನ್ನು ಒತ್ತಿ ಚುಚ್ಚಿದಳು. ಮಧ್ಯಾಹ್ನದ ಹೊತ್ತನ್ನು ಯಾರೂ ತೆಗೆದುಕೊಂಡಿರಲಿಲ್ಲ. ಆಗ ಗಂಡ ಕಚೇರಿಯಲ್ಲಿ, ಅತ್ತೆ ನಿದ್ದೆಯಲ್ಲಿ. ಬಾಗಿಲು ತಟ್ಟುವವರು ಮಾತ್ರ ಒಬ್ಬರಾದ ಮೇಲೊಬ್ಬರು, ಪ್ಯಾಂಟಿನ ಉದ್ದ, ತೋಳಿನ ಅಗಲ, ಸುಮ್ಮನೆ ಒಂದು ಮಾತು. ಅವಳು ಎದ್ದು ಹಜಾರದ ಮೇಜಿನ ಬಳಿ ಹೋದಳು. ಖಾನೆ ಎಳೆದು ಹಳದಿ ಸ್ಟಿಕ್ಕರುಗಳ ಕಟ್ಟಿನಿಂದ ಒಂದನ್ನು ತೆಗೆದಳು. 'ಪರೀಕ್ಷೆಯಲ್ಲಿದೆ, ಮುಟ್ಟಬಾರದು'. ನೇತುಹಾಕಿ, ತೆಗೆದು, ಮತ್ತೆ ನೇತುಹಾಕಲು ಬರುವಂತೆ ಅದಕ್ಕೆ ಗಟ್ಟಿ ಕ್ಯಾನ್ವಾಸಿನ ತುಂಡೊಂದನ್ನು ಹಿಂದೆ ಕೊಟ್ಟು, ಮೇಲೆ ದಾರದ ಕುಣಿಕೆ ಹಾಕಿ, ತನ್ನ ಕೋಣೆಯ ಬಾಗಿಲಿನ ಹಿಡಿಗೆ ಸರಿಯಾಗುತ್ತದೆಯೇ ಎಂದು ಒಮ್ಮೆ ಅಳೆದು ನೋಡಿದಳು.

"ಏನು ಹೊಲೀತಿದೀಯಮ್ಮ?" ಎಂದರು ಅತ್ತೆ ಕುರ್ಚಿಯಿಂದ.

ಅವಳು ಅದನ್ನು ಗುಂಡುಸೂಜಿಯ ಡಬ್ಬಿಯ ತಳದಲ್ಲಿ ಇಟ್ಟು, ಮುಚ್ಚಳ ಹಾಕಿ, ಬಾಯಲ್ಲಿ ಉಳಿದಿದ್ದ ಸೂಜಿಗಳನ್ನು ಹಾಗೇ ಕಚ್ಚಿಕೊಂಡು ಹ್ಞೂಂ ಅಂದಳು.